ದ್ರಾಕ್ಷಿ ಹಿಂಡಿ: ಎಮ್ಮಿಗೆ ಎಷ್ಟು, ಗ್ರಾಮೋಫೋನಿಗೆ ಎಷ್ಟು?

[ದೃಶ್ಯ: ತಾಡಪತ್ರಿ ಮ್ಯಾಲ ಹರವಿದ ಕಪ್ಪುಗೆಂಪು ಚರಟ. ಒಂದು ಕೈ ಅದನ್ನ ತಿರುವಿ ಹಾಕತೈತಿ.]

ನಮಸ್ಕಾರ್ರಿ. ಗದಗ ಕಡೆಯಿಂದ ಬಂದ ಪ್ರಶ್ನೆ: "ವೈನ್ ತಗದ ಮ್ಯಾಲ ಉಳಿಯೋ ದ್ರಾಕ್ಷಿ ಹಿಂಡಿ ಎಮ್ಮಿಗೆ ಹಾಕಬಹುದೇನ್ರಿ?"

ಹಾಕಬಹುದು. ಆದ್ರ 'ಹಿಂಡಿ' ಅನ್ನೋ ಹೆಸರೇ ಮೋಸ ಮಾಡತೈತಿ. ರೊಟ್ಟಿ ಜೋಡಿ ತಿನ್ನೋ ಶೇಂಗಾ ಹಿಂಡಿ ಅಲ್ರಿ, ಗಾಣದ ಹಿಂಡಿ ಮಾತು ಇದು. ಗಾಣದ ಶೇಂಗಾ ಹಿಂಡಿ 100 ಕೆಜಿಯಾಗ ಪ್ರೋಟೀನ್ 40–45 ಕೆಜಿ ಇರತೈತಿ. ಒಣಗಿಸಿದ ದ್ರಾಕ್ಷಿ ಚರಟದಾಗ 10–13 ಅಷ್ಟ. ಅದೂ ಪೂರಾ ಮೈಗೆ ಹತ್ತೂದಿಲ್ಲ. ಅಡಿಕಿ ಅಗದ್ರ ಬಾಯಿ ಒಗರು ಹಿಡೀತೈತಲ್ಲ, ಅದೇ ಟ್ಯಾನಿನ್ ಇದರಾಗೂ ತುಂಬೈತಿ. ಅದು ಪ್ರೋಟೀನನ್ನ ಬಿಗಿಯಾಗಿ ಹಿಡಕೊಂಡು ಕುಂತಬಿಡತೈತಿ.

ಮೂಲ ಸಂಗತಿ ಲಗೂನ ಮುಗಸೂಣು. ಒಂದು ಟನ್ ದ್ರಾಕ್ಷಿ ಹಿಂಡಿದ್ರ 200–250 ಕೆಜಿ ಹಸಿ ಚರಟ: ಸಿಪ್ಪಿ, ಬೀಜ, ಒಂದಿಷ್ಟು ತೊಟ್ಟು. ಬಿಳಿ ವೈನಿಗೆ ಮೊದಲ ಹಿಂಡಿ, ಆಮ್ಯಾಲ ಬರೇ ರಸ ಹುದುಗಿಸ್ತಾರ. ಹಂಗಾಗಿ ಆ ಚರಟದಾಗ ಸಕ್ಕರಿ ಉಳದಿರತೈತಿ. ಕೆಂಪು ವೈನಿಗೆ ಸಿಪ್ಪಿ ಸಮೇತ ಹುದುಗಿಸಿ ಆಮ್ಯಾಲ ಹಿಂಡ್ತಾರ. ಸಕ್ಕರಿ ಹೋಗಿ ಮದ್ಯದ ಅಂಶ ಉಳದಿರತೈತಿ. ಇಟಲಿಯವರು ಗ್ರಾಪ್ಪಾ ಅನ್ನೋ ಸೆರೆ ಇಳಸೂದು ಇಂಥಾ ಚರಟದಿಂದನ.

[ಗ್ರಾಫಿಕ್: ಎಮ್ಮಿ, ತಕ್ಕಡಿ]

ಈಗ ಲೆಕ್ಕ. ದಿನಕ್ಕ 12 ಕೆಜಿ ಒಣ ತೂಕದ ಮೇವು ತಿನ್ನೋ ಎಮ್ಮಿಗೆ ಹತ್ತರಾಗ ಒಂದು ಪಾಲು ಸಾಕು, ಅಂದ್ರ ಒಣ ಚರಟ ಸುಮಾರು ಒಂದು ಕೆಜಿ. ಹಸೀದಾದ್ರ ಮೂರು ಕೆಜಿ, ಯಾಕಂದ್ರ ಮೂರರಾಗ ಎರಡು ಪಾಲು ನೀರ ಇರತೈತಿ. ಮೊದಲನೇ ದಿನ ಒಂದು ಮುಷ್ಟಿ. ಎರಡು ವಾರದಾಗ ಏರಸ್ಕೋತ ಹೋಗ್ರಿ. ಕೆಂಪು ವೈನಿನ ಚರಟ ಒಣಗಿಸದ ಹಾಕಬ್ಯಾಡ್ರಿ, ಎಮ್ಮಿಗೆ ನಶಾ ಬ್ಯಾಡ.

ಒಣಗ್ಸೂದು ಬ್ಯಾಡಗಿ ಮೆಣಸಿನಕಾಯಿ ಹರವಿದಂಗ: ಎರಡು ಇಂಚಿಗಿಂತ ದಪ್ಪ ಬ್ಯಾಡ, ದಿನಕ್ಕ ಮೂರ್ನಾಕು ಸಲ ತಿರುವಿ ಹಾಕ್ರಿ. ಬೀಜ ಗಲಗಲ ಅನ್ನೂತನಕ ಒಣಗಬೇಕು. ಗುಂಪಿ ಹಾಕಿ ಬಿಟ್ರ ಒಂದೇ ದಿನದಾಗ ಒಳಗ ಬಿಸಿ ಏರತೈತಿ, ಸಿರ್ಕಾ ವಾಸನಿ ಹೊಡೀತೈತಿ, ನುಸಿ ಮುತ್ತತಾವ. ಬೂಸ್ಟು ಹಿಡದದ್ದನ್ನ ದನಕ್ಕ ಹಾಕಲೇಬ್ಯಾಡ್ರಿ. ಬಿಸಲಿಲ್ಲಂದ್ರ ಡ್ರಮ್ಮಿನಾಗ ತುಳದು ತುಳದು ತುಂಬಿ, ಗಾಳಿ ಆಡದಂಗ ಮುಚ್ಚಿ, ಐದಾರು ವಾರ ಬಿಟ್ಟು ರಸಮೇವು ಮಾಡ್ರಿ. ಹಗೇವಿನಂಥ ತಗ್ಗಿನಾಗ ಹಸಿ ಚರಟ ತುಂಬೂದು ಮಾತ್ರ ಬ್ಯಾಡ. ಹುದುಗುವಾಗ ಬರೋ ಇಂಗಾಲದ ಡೈಆಕ್ಸೈಡ್ ತಳದಾಗ ಕುಂದರತೈತಿ, ಇಳದವರು ಮ್ಯಾಲ ಬರೂದಿಲ್ಲ.

ಹಾವೇರಿ, ಗದಗದ ಕುರಿಯವರು ಇಲ್ಲಿ ಕಿವಿಗೊಡ್ರಿ. ದ್ರಾಕ್ಷಿಗೆ ಬೋರ್ಡೋ ದ್ರಾವಣ, ಅಂದ್ರ ಮೈಲುತುತ್ತ-ಸುಣ್ಣ, ಹೊಡೀತಾರ. ಆ ತಾಮ್ರ ಸಿಪ್ಪಿ ಮ್ಯಾಲ ಉಳೀತೈತಿ. ಎಮ್ಮಿ ತಡಕೊಂಡೀತು, ಕುರಿ ಯಕೃತ್ತಿನಾಗ ತಾಮ್ರ ಕೂಡ್ಕೋತ ಹೋಗಿ ಒಮ್ಮೆಲೆ ಕುರಿ ಬಿದ್ದುಬಿಡತೈತಿ. ಏನು ಹೊಡದಾರಂತ ಗೊತ್ತಿಲ್ಲದ ಚರಟ ಕುರಿಗೆ ಬ್ಯಾಡ.

[ದೃಶ್ಯ: ಗ್ರಾಮೋಫೋನ್ ತಟ್ಟಿ ತಿರಗತೈತಿ]

ಎಮ್ಮಿ ಮುಗೀತು. ಈಗ ನನಗ ಭಾಳ ಸೇರೋ ಭಾಗ.

ಹುಣಸಿಹಣ್ಣಿನ ಹುಳಿಯೂ ದ್ರಾಕ್ಷಿ ಹುಳಿಯೂ ಒಂದ: ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಾಗಿನ ಪೊಟ್ಯಾಸಿಯಂ ಜೋಡಿ ಅದು ಕೂಡಿದ್ರ ಕ್ರೀಮ್ ಆಫ್ ಟಾರ್ಟರ್. ಹೆಸರಿನಾಗಷ್ಟ ಕ್ರೀಮು, ಕೈಯಾಗ ಬಿಳಿ ಪುಡಿ. ಕುದಿಯೋ 100 ಮಿಲೀ ನೀರಿನಾಗ ಇದು 6 ಗ್ರಾಂ ಕರಗತೈತಿ, 20 ಡಿಗ್ರಿಗೆ ಬಂದ್ರ ಅರ್ಧ ಗ್ರಾಂ ಮ್ಯಾಲ ಒಂಚೂರು ಅಷ್ಟ. ಗುಟ್ಟು ಇಲ್ಲೇ ಐತಿ. ಒಂದು ಕೆಜಿ ಚರಟಕ್ಕ ಎರಡು ಲೀಟರ್ ನೀರು ಹಾಕಿ ಕಾಲು ತಾಸು ಕುದಿಸ್ರಿ, ಬಿಸಿ ಇದ್ದಾಗನ ಸೋಸ್ರಿ, ಫ್ರಿಜ್ಜಿನಾಗ ಇಡ್ರಿ. ತಳದಾಗ ಹರಳು ಕುಂದರತಾವ, ಕಲ್ಲಸಕ್ಕರಿ ಕಟ್ಟಿದಂಗ. ತಣ್ಣಗಾದ ಮ್ಯಾಲ ಸೋಸಿದ್ರ ಹರಳು ಚರಟದಾಗನ ಉಳದು ಹೋಗತಾವ. ಎಲ್ಲಾರೂ ತಪ್ಪೂದು ಅಲ್ಲೇ.

ಈ ಪುಡಿಯನ್ನ ಬಿಸಿನೀರಿಗೆ ಹಾಕಿ, ಉಕ್ಕದಂಗ ಸ್ವಲ್ಪ ಸ್ವಲ್ಪ ವಾಷಿಂಗ್ ಸೋಡಾ ಬೆರೆಸಿದ್ರ (188 ಗ್ರಾಂಗೆ ನೀರಿನಂಶ ಇಲ್ಲದ ಸೋಡಾ 53 ಗ್ರಾಂ) ರೊಶೆಲ್ ಉಪ್ಪು ತಯಾರಾಗತೈತಿ. 1880ರಾಗ ಪಿಯರ್ ಮತ್ತು ಜಾಕ್ ಕ್ಯೂರಿ ಅಣ್ಣತಮ್ಮರು ತೋರಿಸಿದ್ರು: ಕೆಲವು ಹರಳುಗಳನ್ನ ಒತ್ತಿದ್ರ ವಿದ್ಯುತ್ ಹುಟ್ಟತೈತಿ. ಅವುಗಳೊಳಗ ಇದೂ ಒಂದು. 1930ರ ದಶಕದಿಂದ ವಿದ್ಯುತ್ ರೆಕಾರ್ಡ್ ಪ್ಲೇಯರಿನ ಸೂಜಿ ಹಿಂದ ಇದೇ ಹರಳು ಕುಂತಿತ್ತು. ತಟ್ಟಿಯ ಗೆರಿಯೊಳಗ ಸೂಜಿ ನಡುಗ್ತು, ಹರಳು ಬಾಗ್ತು, ವಿದ್ಯುತ್ ಬಂತು, ಹಾಡು ಬಂತು. ಅಂಥಾ ಪ್ಲೇಯರಿನಾಗ ಗಂಗೂಬಾಯಿ ಹಾನಗಲ್ಲರ ತಟ್ಟಿ ಹಾಕಿ ಕೇಳಿದವರ ಕಿವಿಗೂ ವೈನಿನ ಚರಟಕ್ಕೂ ನಂಟು ಇತ್ತಂದ್ರ ನಂಬ್ತೀರೇನ್ರಿ? ದೋಷವೂ ಇತ್ತು: ಉಪ್ಪು ಉಪ್ಪೇ. ತೇವ ಹಿಡದ್ರ ಕರಗತೈತಿ, 55 ಡಿಗ್ರಿ ದಾಟಿದ್ರ ಕೆಡತೈತಿ. ಧಾರವಾಡದ ಶ್ರಾವಣದ ಜಿಟಿಜಿಟಿ ಮಳಿಗೂ ಹುಬ್ಬಳ್ಳಿ ಬ್ಯಾಸಗಿಯಾಗ ಕಿಡಕಿ ಮುಚ್ಚಿದ ಕಾರಿಗೂ ಇದು ಬಾಳೂ ಸಾಮಾನಲ್ಲ. ಅದಕ್ಕ ಮುಂದ ಈ ಹರಳಿನ ಜಾಗಾಕ್ಕ ಸೆರಾಮಿಕ್ ಬಂತು.

ವಿಡಿಯೋ ಉದ್ದಾತು. ಉಳದದ್ದು ಒಂದೇ ಉಸರಿನಾಗ ಹೇಳತೀನಿ.

ಬಣ್ಣ: ಬ್ಯಾಡಗಿ ಕಾಯಿಯ ಕೆಂಪು ಎಣ್ಣಿಯಾಗ ಬಿಡತೈತಿ, ದ್ರಾಕ್ಷಿ ಸಿಪ್ಪಿಯದು ನೀರಿನಾಗ. ಲಿಂಬಿ ಹಿಂಡಿದ್ರ ಕೆಂಪು, ಅಡಿಗಿ ಸೋಡಾ ಹಾಕಿದ್ರ ನೀಲಿ-ಹಸರು. ಹಂಗಾಗಿ ಶರಬತ್ತಿಗೆ ಬರತೈತಿ, ಸೋಡಾ ಹಾಕೋ ಕೇಕಿಗೆ ಕೈ ಕೊಡತೈತಿ.

ಗೊಬ್ಬರ: ಹಸೀದು ಹುಳಿ, ಸಸಿ ಬುಡಕ್ಕ ಸುರದ್ರ ಸೊರಗತಾವ. ಮೂರು ಬುಟ್ಟಿ ಚರಟಕ್ಕ ಒಂದು ಬುಟ್ಟಿ ಸಗಣಿ, ತಿಂಗಳಿಗೆ ಎರಡು ಸಲ ತಿರುವ್ರಿ. ಪೊಟ್ಯಾಶ್ ಚಲೋ ಸಿಗತೈತಿ. ಬೀಜ ಮಾತ್ರ ಕೊಳಿಯಾಕ ವರ್ಷ ಹಿಡಿದೀತು, ಮೊದಲ ಜರಡಿ ಹಿಡೀರಿ.

ಆ ಬೀಜದ ಎಣ್ಣಿ ಕುಸುಬಿ ಎಣ್ಣಿ ಗುಣದ್ದ, ಎರಡರಾಗೂ ಲಿನೋಲಿಕ್ ಅನ್ನೋ ಕೊಬ್ಬಿನ ಆಮ್ಲವೇ ಹೆಚ್ಚು. ಆದ್ರ ಲೆಕ್ಕ ನೋಡ್ರಿ: ಒಂದು ಟನ್ ದ್ರಾಕ್ಷಿಗೆ ಒಣ ಬೀಜ ಸುಮಾರು 40 ಕೆಜಿ, ಅದರಾಗಿನ ಎಣ್ಣಿ 4–5 ಕೆಜಿ. ಬೀಜ ಕಲ್ಲಿನಂಗ ಗಟ್ಟಿ, ಗಾಣಕ್ಕ ಹಾಕಿದ್ರ ಅದರಾಗಿನ ಅರ್ಧದಷ್ಟು ಹಿಂಡಿಯಾಗನ ಉಳದುಬಿಡತೈತಿ. ಉಳದ ಎರಡು-ಮೂರು ಕೆಜಿಗೆ ನಿಮ್ಮೂರ ಗಾಣದವರು ಎಷ್ಟು ಕೂಲಿ ಕೇಳ್ತಾರ, ಕೆಳಗ ಬರೀರಿ.