ಜಿಂಕೆ ಮಲಗಲಿ, ಆಮೇಲೆ ಹೊರಡಿ

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ನೆಲೆಸಿ, ಬಿಲ್ಲು ಹಿಡಿಯಲು ಕಲಿತು, ಈ ಸಲ ಬೇಟೆಯ ಲೈಸೆನ್ಸ್ ಪಡೆದಿರುವ ಕನ್ನಡಿಗರಿಗಾಗಿ ಈ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ನಾನು ಹೇಳುವುದೆಲ್ಲ ಅಮೆರಿಕದ ಪ್ರೈರಿಗೆ, ಅಂದರೆ ದಕ್ಷಿಣ ಡಕೋಟದ ಬಫಲೊ ಗ್ಯಾಪ್, ನೆಬ್ರಾಸ್ಕದ ಓಗ್ಲಾಲ ಥರದ ಬಯಲು ಹುಲ್ಲುಗಾವಲಿಗೆ ಮಾತ್ರ.

ಅಲ್ಲಿ ಮರವೇ ಅಪರೂಪ, ಮಚಾನು ಕಟ್ಟಿ ಕಾಯುವ ಮಾತಿಲ್ಲ. ಮ್ಯೂಲ್ ಡಿಯರ್ ಎಂಬ ಅಲ್ಲಿನ ದೊಡ್ಡ ಕಿವಿಯ ಜಿಂಕೆಯ ಗಂಡು ಬಹು ದೂರದಿಂದಲೇ ನಿಮ್ಮನ್ನು ಕಂಡುಬಿಡುತ್ತದೆ. ಹಾಗಾಗಿ ಒಂದು ಮಾತು ನೆನಪಿಡಿ: ಜಿಂಕೆ ಮಲಗುವವರೆಗೆ ನೀವು ಕದಲಬೇಡಿ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲಿಯೇ. ದೊಡ್ಡ ಕೊಂಬು ಕಂಡ ಕೂಡಲೇ ಹೊರಟುಬಿಡುತ್ತಾರೆ. ಮೇಯುವ ಜಿಂಕೆ ನಿಂತಲ್ಲಿ ನಿಲ್ಲುವುದಿಲ್ಲ. ನೀವು ಹಳ್ಳ ಬಳಸಿ ಬರುವಷ್ಟರಲ್ಲಿ ಅದು ಎಲ್ಲೋ ಹೋಗಿರುತ್ತದೆ, ಇಲ್ಲವೇ ನಿಮಗೇ ಎದುರಾಗುತ್ತದೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆಯನ್ನೇ ತೆಗೆದುಕೊಳ್ಳೋಣ. ಬೆಳಕು ಹರಿಯುವ ಮೊದಲೇ ದಿಬ್ಬದ ಮೇಲೆ ಬೈನಾಕ್ಯುಲರ್ ಹಿಡಿದು ಕೂತಿದ್ದೀರಿ. ನೆತ್ತಿಯ ಅಂಚಿನಲ್ಲಿ ಕೂರಬೇಡಿ, ಆಕಾಶಕ್ಕೆ ಎದುರಾಗಿ ನಿಮ್ಮ ಆಕಾರ ಎದ್ದು ಕಾಣುತ್ತದೆ. ನಾಲ್ಕು ಹೆಜ್ಜೆ ಕೆಳಗೆ ಕೂರಿ. ಬಿಸಿಲೇರಿದಂತೆ ಗಂಡು ಮೇಯುತ್ತಾ ಬಂದು ಕೊರಕಲಿನ ನೆರಳಿನಲ್ಲಿ ಮಲಗಿತು. ಈಗಲಾದರೂ ಹೊರಡಬಹುದೇ? ಬೇಡ! ಹತ್ತು ಗಂಟೆಯ ಹೊತ್ತಿಗೆ ನೆರಳು ಸರಿದು, ಅದು ಎದ್ದು ಜಾಗ ಬದಲಿಸುವುದು ಸಾಮಾನ್ಯ. ಎರಡನೇ ಸಲ ಮಲಗಲಿ. ಅಷ್ಟರಲ್ಲಿ ಗಾಳಿಯೂ ಒಂದು ದಿಕ್ಕಿಗೆ ನಿಲ್ಲುತ್ತದೆ. ಬೆಳಗಿನ ತಂಪು ಗಾಳಿ ಕೊರಕಲಿಗೆ ಇಳಿಯುತ್ತದೆ, ನೆಲ ಕಾದ ಮೇಲೆ ಮೇಲೇರುತ್ತದೆ. ಈ ಬದಲಾವಣೆಯ ನಡುವೆ ಹೊರಟವರ ವಾಸನೆ ಅವರಿಗಿಂತ ಮೊದಲೇ ಜಿಂಕೆಗೆ ತಲುಪುತ್ತದೆ.

ಹೊರಡುವ ಮುನ್ನ ಫೋನಿನಲ್ಲಿ ಆ ಜಾಗದ ಫೋಟೋ ತೆಗೆಯಿರಿ. ಆಚೆ ಬದಿಯಿಂದ ಬಂದಾಗ ಎಲ್ಲವೂ ಎಡಬಲ ತಿರುಗಿ ಕಾಣುತ್ತದೆ. ಬಿಳಿಚಿದ ಒಂದು ಬಂಡೆ, ಒಂಟಿ ಪೊದೆ, ಇಂಥ ಎರಡು ಗುರುತು ಬೇಕೇ ಬೇಕು. ದೊಡ್ಡ ಸುತ್ತು ಹಾಕಿ, ಗಾಳಿ ನಿಮ್ಮ ಮುಖಕ್ಕೋ ಕೆನ್ನೆಗೋ ಬಡಿಯುವಂತೆ ಬನ್ನಿ. ಕೊನೆಯ ನೂರು ಗಜಕ್ಕೆ ಚೀಲ ಇಡಿ, ಬೂಟು ಬಿಚ್ಚಿ, ದಪ್ಪ ಉಣ್ಣೆಯ ಕಾಲುಚೀಲದಲ್ಲಿ ನಡೆಯಿರಿ. ನೆಲದಲ್ಲಿ ಪಾಪಾಸುಕಳ್ಳಿ ಇದೆ, ಮಂಡಿಗೆ ಪ್ಯಾಡ್ ಕಟ್ಟಿಕೊಳ್ಳಿ. ಬಾಲ ಅಲುಗಿಸಿ ಸದ್ದು ಮಾಡುವ ವಿಷದ ರ‍್ಯಾಟಲ್‌ಸ್ನೇಕ್ ಹಾವು ಇರುತ್ತದೆ, ಕೈ ಊರುವ ಮೊದಲು ನೋಡಿ. ಗಾಳಿ ಬೀಸಿ ಹುಲ್ಲು ಸದ್ದು ಮಾಡಿದಾಗ ಹೆಜ್ಜೆ, ನಿಂತಾಗ ನಿಲ್ಲಿ.

ಮೂವತ್ತು ಗಜದಲ್ಲಿ ಹುಲ್ಲಿನ ಮೇಲೆ ಕೊಂಬಿನ ತುದಿ ಕಂಡಿತು. ರೇಂಜ್‌ಫೈಂಡರಿನಲ್ಲಿ ದೂರ ಅಳೆದು ಮಂಡಿಯೂರಿ ಕೂರಿ. ಕಲ್ಲೆಸೆದು ಎಬ್ಬಿಸಬೇಡಿ, ಗಾಬರಿಗೊಂಡ ಜಿಂಕೆ ನಿಲ್ಲುವುದಿಲ್ಲ. ತಾನಾಗಿ ಏಳಲಿ, ಎರಡು ಗಂಟೆಯಾದರೂ ಕಾಯಿರಿ. ಅದು ಎದ್ದು ತಲೆ ಆಚೆ ತಿರುಗಿಸಿದಾಗ ಹೆದೆ ಎಳೆಯಿರಿ.

ಇಷ್ಟರಲ್ಲೇ ನನ್ನ ಸಮಯ ಬಹುಪಾಲು ಮುಗಿದಿದೆ, ಉಳಿದದ್ದು ಬೇಗ ಹೇಳುತ್ತೇನೆ. ಪಕ್ಕೆ ನಿಮ್ಮ ಕಡೆ ಇರಬೇಕು, ಇಲ್ಲವೇ ಮುಖ ಸ್ವಲ್ಪ ಆಚೆಗಿರಬೇಕು. ಎದುರು ನಿಂತ ಜಿಂಕೆಗೆ ಬಾಣ ಬಿಡಲೇಬೇಡಿ. ಗುರಿ ಮುಂಗಾಲಿನ ಹಿಂದೆ, ಶ್ವಾಸಕೋಶ. ಅಗಲ ಎಂಟು ಹತ್ತು ಇಂಚು ಅಷ್ಟೆ. ನಲವತ್ತು ಗಜ ದಾಟಲು ಬಾಣಕ್ಕೆ ಸುಮಾರು ಅರ್ಧ ಸೆಕೆಂಡು, ಹೆದೆಯ ಸದ್ದು ಅದಕ್ಕಿಂತ ಬೇಗ ಹೋಗುತ್ತದೆ. ಬೆದರಿದ ಜಿಂಕೆ ಕುಸಿದು ನೆಗೆಯುವಾಗ ಬಾಣ ಬೆನ್ನಿನ ಮೇಲೆ ಹಾಯುತ್ತದೆ. ಆದ್ದರಿಂದ ಹತ್ತಿರ ಹೋಗಿ. ಬೇಟೆಗೆ ಒಯ್ಯುವ ಬ್ರಾಡ್‌ಹೆಡ್ಡನ್ನೇ, ಅಂದರೆ ಹರಿತ ಅಲಗಿನ ಬಾಣದ ಮೊನೆಯನ್ನೇ ಹಾಕಿ, ಮಂಡಿಯೂರಿ ಅಭ್ಯಾಸ ಮಾಡಿ.

ಬಾಣ ತಗುಲಿ ಜಿಂಕೆ ಓಡಿದ ಮೇಲೆ ರಕ್ತ ನೋಡಿ. ನಸುಗೆಂಪಾಗಿ ನೊರೆ ನೊರೆಯಾಗಿದ್ದರೆ ಶ್ವಾಸಕೋಶಕ್ಕೆ ತಗುಲಿದೆ, ಅರ್ಧ ಗಂಟೆ ಬಿಟ್ಟು ಹೋಗಿ. ಹಸಿರು ಕೊಳಕು, ವಾಸನೆ ಇದ್ದರೆ ಹೊಟ್ಟೆಗೆ ತಗುಲಿದೆ; ಎಂಟರಿಂದ ಹನ್ನೆರಡು ಗಂಟೆ ಹತ್ತಿರ ಸುಳಿಯಬೇಡಿ, ಬೆನ್ನಟ್ಟಿದರೆ ಮೈಲಿಗಟ್ಟಲೆ ಹೋಗಿ ಕಳೆದುಹೋಗುತ್ತದೆ. ಸಿಕ್ಕ ಕೂಡಲೇ ರಾಜ್ಯದ ನಿಯಮದಂತೆ ಟ್ಯಾಗ್ ಹಾಕಿ, ಕರುಳು ತೆಗೆದು, ಚರ್ಮ ಸುಲಿದು ಮಾಂಸ ತಣಿಸಿ. ಸೆಪ್ಟೆಂಬರಿನ ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ. ಗಾಡಿಯಲ್ಲಿ ಐಸ್ ತುಂಬಿದ ಡಬ್ಬ ಮೊದಲೇ ಇರಲಿ. ನಮಸ್ಕಾರ.