ಒಲೆ ಕಾಸಿನ ಶಾಲೆಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಜಪಾನಿನ ಹಳೇ ಶಾಲೆಗಳ ಕಥೆ. ಮೊದಲು ಒಂದು ಲೆಕ್ಕ. ದೇಶವನ್ನು 8 ವಿಭಾಗ ಮಾಡಿ. ಒಂದೊಂದಕ್ಕೆ ಒಂದು ವಿಶ್ವವಿದ್ಯಾಲಯ, 32 ಮಾಧ್ಯಮಿಕ ಶಾಲೆ. ಪ್ರತಿ ಮಾಧ್ಯಮಿಕ ಶಾಲೆಯ ಕೆಳಗೆ 210 ಪ್ರಾಥಮಿಕ ಶಾಲೆ. ಗುಣಿಸಿದರೆ ಪ್ರಾಥಮಿಕ ಶಾಲೆಗಳೇ 53,760! 1872ರಲ್ಲಿ ಜಪಾನ್ ಸರ್ಕಾರ ಹೊರಡಿಸಿದ ಶಿಕ್ಷಣ ಆದೇಶದ ಲೆಕ್ಕ ಇದು. ಊರಲ್ಲಿ ಓದು ಬಾರದ ಮನೆ ಇರಬಾರದು, ಮನೆಯಲ್ಲಿ ಓದು ಬಾರದವರು ಇರಬಾರದು ಅಂತ ಅದರಲ್ಲಿ ಹೇಳಿತ್ತು. ಮಾತೇನೋ ಚೆನ್ನಾಗಿದೆ, ಅಲ್ವಾ? ಆದರೆ ಖರ್ಚೆಲ್ಲ ಹೆಚ್ಚುಕಡಿಮೆ ಊರಿನವರ ತಲೆಗೇ ಬಂತು.

ಆದೇಶದ ಪ್ರಕಾರ ಶುಲ್ಕ ತಿಂಗಳಿಗೆ 50 ಸೆನ್, ಅಂದರೆ ಅರ್ಧ ಯೆನ್. ಕೈಲಾಗದವರಿಗೆ 25. ಗದ್ದೆ ಕೆಲಸಕ್ಕೆ ಬೇಕಾದ ಹುಡುಗನನ್ನೂ ಬಿಟ್ಟುಕೊಟ್ಟು ಮೇಲೆ ದುಡ್ಡನ್ನೂ ಕೊಡಬೇಕು ಅಂದರೆ ಯಾವ ರೈತ ಒಪ್ಪುತ್ತಾನೆ? 1873ರಲ್ಲಿ ಈಗಿನ ಒಕಾಯಾಮಾ ಕಡೆ ಜನ ದಂಗೆ ಎದ್ದು ಶಾಲೆಗಳನ್ನೇ ಸುಟ್ಟರು. ಕಡ್ಡಾಯ ಸೈನ್ಯ ಸೇವೆಯ ಸಿಟ್ಟೂ ಅದರಲ್ಲಿ ಸೇರಿತ್ತು ಅನ್ನಿ.

ಆದರೆ ಕ್ಯೋಟೋ ನಗರದ ಕಥೆಯೇ ಬೇರೆ. ಈ ಆದೇಶಕ್ಕೆ 3 ವರ್ಷ ಮೊದಲೇ, 1869ರಲ್ಲಿ, ಅಲ್ಲಿನ ಕೇರಿಗಳವರು 64 ಶಾಲೆ ಕಟ್ಟಿಕೊಂಡಿದ್ದರು. ಕ್ಯೋಟೋದಲ್ಲಿದ್ದ ರಾಜಧಾನಿ ಟೋಕಿಯೋ ಪಾಲಾಗಿತ್ತು, ತಮ್ಮ ಊರು ಪಾಳು ಬೀಳುತ್ತದೆ ಅನ್ನುವ ಭಯ ಅವರಿಗೆ. ದುಡ್ಡು ಎತ್ತಿದ್ದು ಹೇಗೆ ಗೊತ್ತಾ? ಒಲೆ ಲೆಕ್ಕದಲ್ಲಿ! ಒಲೆ ಹೊತ್ತುವ ಮನೆ ಪ್ರತಿಯೊಂದೂ ಪಾಲು ಕೊಡಬೇಕು, ಮಕ್ಕಳಿರಲಿ, ಇಲ್ಲದಿರಲಿ. ಅದರ ಹೆಸರೇ 'ಕಾಮಾದೋ ಕಿನ್', ಒಲೆ ಕಾಸು. ಶಾಲೆಯಲ್ಲೇ ಕೇರಿಯ ಸಭೆ ಸೇರುತ್ತಿತ್ತು, ಬೆಂಕಿ ಬಿದ್ದರೆ ನೋಡಲು ಗೋಪುರವೂ ಅದರ ಮೇಲೇ ಇರುತ್ತಿತ್ತು. ಮಕ್ಕಳಿಲ್ಲದವರಿಗೂ ಅದು ನಮ್ಮದು ಅನ್ನಿಸಿದ್ದು ಇದಕ್ಕೇ ಇರಬೇಕು.

ಮಾತ್ಸುಮೋಟೋದಲ್ಲಿ 1876ರಲ್ಲಿ ಎದ್ದ ಕಾಯ್ಚಿ ಶಾಲೆಗೂ ಖರ್ಚಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕೊಟ್ಟವರು ಊರಿನವರೇ. ಕಟ್ಟಿದ್ದು ಸ್ಥಳೀಯ ಬಡಗಿ. ಪಾಶ್ಚಾತ್ಯ ಕಟ್ಟಡಗಳನ್ನು ನೋಡಿಬಂದು ತನಗೆ ತೋಚಿದಂತೆ ಕಟ್ಟಿದ. ಬಾಗಿಲ ಮೇಲೆ ರೆಕ್ಕೆಯ ದೇವದೂತರು ಶಾಲೆಯ ಹೆಸರು ಹಿಡಿದಿದ್ದಾರೆ, ಅವರ ಕೆಳಗೆ ಅಪ್ಪಟ ಜಪಾನಿ ಡ್ರ್ಯಾಗನ್! ಈಗಲೂ ಆ ಕಟ್ಟಡ ಇದೆ.

ಹೆಣ್ಣುಮಕ್ಕಳದ್ದು ಇನ್ನೊಂದು ಪಾಡು. ಕೂಸು ನೋಡಿಕೊಳ್ಳುವ ಕೆಲಸ ಅವರದೇ. ಹಾಗಾಗಿ ತಮ್ಮನನ್ನೋ ತಂಗಿಯನ್ನೋ ಬೆನ್ನಿಗೆ ಕಟ್ಟಿಕೊಂಡೇ ಪಾಠಕ್ಕೆ ಬರುತ್ತಿದ್ದರು. ಕೂಸು ಅತ್ತರೆ ಹೊರಗೆ ಹೋಗಿ ಸಮಾಧಾನ ಮಾಡಿ ಬರಬೇಕು. ಅಂಥವರಿಗೆಂದೇ ಕೆಲವೆಡೆ ಬೇರೆ ತರಗತಿಗಳೂ ಶುರುವಾದವು.

1886ರಲ್ಲಿ ಶಿಕ್ಷಣ ಸಚಿವ ಮೋರಿ ಅರಿನೋರಿ ಎಲ್ಲವನ್ನೂ ಬಿಗಿಯಾಗಿ ಹೊಂದಿಸಿದ. 1890ರಲ್ಲಿ ಚಕ್ರವರ್ತಿಯ ಶಿಕ್ಷಣ ಶಾಸನ ಬಂತು, ಶಾಲೆಯಲ್ಲಿ ರಾಜಭಕ್ತಿಯ ಕವಾಯತು ಜಾಸ್ತಿಯಾಯಿತು. ಆದರೂ ತರಗತಿ ನಿಜವಾಗಿ ತುಂಬಿದ್ದು 1900ರಲ್ಲಿ ಶುಲ್ಕ ರದ್ದು ಮಾಡಿದ ಮೇಲೇ. 1873ರಲ್ಲಿ ನೂರಕ್ಕೆ ಮೂವತ್ತು ಮಕ್ಕಳೂ ಶಾಲೆ ಸೇರಿರಲಿಲ್ಲ. 1902ರ ಹೊತ್ತಿಗೆ ತೊಂಬತ್ತು ದಾಟಿತ್ತು.

ನಮ್ಮ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿದ್ದು 1898ರಲ್ಲಿ. ಅವರು ದಿವಾನರಾಗಿದ್ದಾಗಲೇ, 1913ರಲ್ಲಿ, ಮೈಸೂರಿನಲ್ಲೂ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಆ ಕಥೆ ಇನ್ನೊಂದು ದಿನ ಹೇಳುತ್ತೇನೆ. ನಮಸ್ಕಾರ.