ಬರಕ್ಕೆ ಮುನ್ನ ಬರಬೇಕಾದ ಹಣ

ಕೇಳುಗರೆಲ್ಲರಿಗೂ ನಮಸ್ಕಾರ.

ಹಿಂದೊಂದು ಬೇಸಿಗೆಯಲ್ಲಿ, ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಕೆರೆ ಏರಿಯ ಮೇಲೆ ಅಲ್ಲಿನ ಹಿರಿಯರೊಬ್ಬರ ಜೊತೆ ನಿಂತಿದ್ದೆ. ಏರಿಯ ಒಳಮೈಗೆ ಹೊಂದಿಕೊಂಡಂತೆ ಎರಡು ಕಲ್ಲುಕಂಬಗಳು, ಅವುಗಳ ನಡುವೆ, ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ಬಾಗಿಲಾದ ತೂಬನ್ನು ಎತ್ತಿ ಇಳಿಸುವ ಕಬ್ಬಿಣದ ತಿರುಪು. ತಿರುಪು ತುಕ್ಕು ಹಿಡಿದು ಎಷ್ಟೋ ವರ್ಷಗಳಾಗಿದ್ದವು. ತೂಬಿನ ಬಾಯಿಗೆ ಹುಲ್ಲು, ಗೋಣಿಚೀಲ, ಮಣ್ಣು ತುರುಕಿದ್ದರು. ಮಳೆ ಬಂದು ಕೆರೆಗೆ ನೀರು ಸೇರಿದರೂ ಆ ಸಂದಿಯಿಂದ ಹಗಲೂ ರಾತ್ರಿಯೂ ಹರಿದುಹೋಗಿ, ಸಂಕ್ರಾಂತಿಯ ಹೊತ್ತಿಗೆ ಕೆರೆಯ ಒಡಲು ಬಿರಿಯುತ್ತದೆ ಎಂದು ಆ ಹಿರಿಯರು ಹೇಳಿದರು. ಸರಿ ಮಾಡಿಸಬಾರದೇ ಎಂದು ಕೇಳಿದೆ. ಒಂದು ತಿರುಪು, ಒಂದು ಹಲಗೆ, ಎರಡು ದಿನದ ಕೂಲಿ ಸಾಕು, ಆದರೆ ಅದನ್ನು ಯಾವ ಲೆಕ್ಕದಲ್ಲಿ ಬರೆಯಬೇಕೆಂದು ಯಾರಿಗೂ ತಿಳಿಯುತ್ತಿಲ್ಲ ಎಂಬ ಉತ್ತರ ಬಂತು.

ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಹವಾಮಾನ ಬದಲಾವಣೆಗೆ ನಾಡು ಹೇಗೆ ಹೊಂದಿಕೊಳ್ಳಬೇಕು, ಅದಕ್ಕೆ ಹಣ ಎಲ್ಲಿಂದ ಬರಬೇಕು ಎಂದು ಇವತ್ತು ಜಗತ್ತಿನ ದೊಡ್ಡ ಸಭೆಗಳಲ್ಲಿ ಚರ್ಚೆ ನಡೆಯುತ್ತಿದೆ. ಆ ಚರ್ಚೆಯನ್ನು ನಾನು ಈ ತೂಬಿನ ಬಳಿಯಿಂದ ನೋಡಲು ಬಯಸುತ್ತೇನೆ.

ರಾಜಸ್ಥಾನವನ್ನು ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಒಣಭೂಮಿ ಇರುವುದು ಕರ್ನಾಟಕದಲ್ಲಿ ಎಂಬ ಮಾತನ್ನು ನಾವು ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. 2023ರಲ್ಲಿ ಅದರ ಅರ್ಥವನ್ನು ಮತ್ತೊಮ್ಮೆ ಅನುಭವಿಸಿದೆವು. ಆ ವರ್ಷದ ಆಗಸ್ಟ್ ತಿಂಗಳು, 1901ರಿಂದ ದಾಖಲೆ ಇಟ್ಟ ಮೇಲೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ಮಘೆ, ಹುಬ್ಬೆ ಮಳೆಗಳನ್ನು ನಂಬಿ ಕುಳಿತ ರಾಗಿ ಹೊಲಗಳು ಮೇಲೇಳಲೇ ಇಲ್ಲ. ಕೊನೆಗೆ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಕೇಂದ್ರದ ನೆರವಾಗಿ ರಾಜ್ಯ ಕೇಳಿದ್ದು ಸುಮಾರು 18,171 ಕೋಟಿ ರೂಪಾಯಿ. ನೆರವು ತಡವಾಯಿತೆಂದು ರಾಜ್ಯವು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೊರೆಹೋಯಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಕೇಳಿದ್ದು ಹೆಚ್ಚಾಯಿತೇ, ಕೊಟ್ಟದ್ದು ಕಡಿಮೆಯಾಯಿತೇ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಮುಂಗಾರಿನಲ್ಲಿ ಬೆಳೆ ಕಳೆದುಕೊಂಡ ರೈತನ ಕೈಗೆ ಕೇಂದ್ರದ ಈ ಪರಿಹಾರದ ಹಣ ಸೇರುವ ಹೊತ್ತಿಗೆ ಮುಂದಿನ ಮುಂಗಾರಿನ ಬೀಜ ಕೊಳ್ಳುವ ಕಾಲ ಬಂದಿತ್ತು ಎಂಬುದಷ್ಟೇ ನನ್ನ ಚಿಂತೆ. ಮಳೆಯಾಶ್ರಿತ ಭೂಮಿಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿನ ಮಿತಿಗೊಳಪಟ್ಟು, ಇದು ಆಗಿನ ನಿಯಮ. ಈ ಹಣ ಬಂದವರು ಹಳೆಯ ಸಾಲಕ್ಕೆ ಕಟ್ಟಿದರು, ಮೇವು ಕೊಂಡರು. ಇದರಿಂದ ಯಾವ ಊರಿನ ತೂಬೂ ದುರಸ್ತಿಯಾಗಲಿಲ್ಲ, ಆಗುವುದು ಸಾಧ್ಯವೂ ಇರಲಿಲ್ಲ.

ಪರಿಹಾರ ಬೇಡವೆಂದು ಯಾರೂ ಹೇಳಲಾರರು. ಪರಿಹಾರ ಸಿಗದ ಕಾಲ ಹೇಗಿತ್ತೆಂಬುದನ್ನು ಈ ನಾಡು ಮರೆತಿಲ್ಲ. ನಮ್ಮ ಮುತ್ತಜ್ಜಂದಿರು ಧಾತು ಈಶ್ವರ ಬರವೆಂದು ಕರೆಯುತ್ತಿದ್ದ 1876–78ರ ಕ್ಷಾಮಕ್ಕೆ ಮುಂಚೆ, 1871ರ ಜನಗಣತಿಯಲ್ಲಿ, ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರ ಗಣತಿಯಲ್ಲಿ ಆ ಸಂಖ್ಯೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಅಷ್ಟು ಜನರನ್ನು ಕಳೆದುಕೊಂಡಿತು. ಅಂದಿನಿಂದ ಇಂದಿನವರೆಗೆ ಪಡಿತರ, ಉದ್ಯೋಗ ಖಾತರಿ, ಗೋಶಾಲೆ, ಟ್ಯಾಂಕರು, ಇವೆಲ್ಲ ಸೇರಿ ಬರಗಾಲದಲ್ಲಿ ಜೀವ ಉಳಿಯುವಂತೆ ಮಾಡಿವೆ. ಅದು ಸಣ್ಣ ಸಾಧನೆಯಲ್ಲ. ಆದರೆ ಬರ ಬಂದ ಮೇಲೆ ಹಣ ಹುಡುಕುವ ಈ ಅಭ್ಯಾಸದಲ್ಲಿ, ಬರ ಬರುವುದಕ್ಕೆ ಮೊದಲೇ ಹಣ ತೆಗೆದಿಡುವ ಇನ್ನೊಂದು ಹಳೆಯ ಅಭ್ಯಾಸವನ್ನು ನಾವು ಕೈಬಿಟ್ಟೆವು.

ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಕೆರೆಗಳ ಬದಿಯಲ್ಲಿ ನಿಂತಿರುವ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನಿಗೋ, ಒಡೆದ ಏರಿಯನ್ನು ಕಟ್ಟಿ ಮುಂದೆಯೂ ಅದನ್ನು ಕಾಪಾಡುವ ಹೊಣೆ ಹೊತ್ತವನಿಗೋ ಅಚ್ಚುಕಟ್ಟಿನ, ಎಂದರೆ ಕೆರೆಯ ನೀರುಣ್ಣುವ ಪ್ರದೇಶದ, ಒಂದಿಷ್ಟು ಭೂಮಿಯನ್ನು, ಇಲ್ಲವೇ ಅದರ ಫಸಲಿನ ಒಂದು ಪಾಲನ್ನು ಬಿಟ್ಟುಕೊಡುವ ಏರ್ಪಾಡುಗಳು ಇವು. ಹೂಳು ಹೊರುವ ಬಂಡಿಗೆ, ಆ ಬಂಡಿಯನ್ನೆಳೆಯುವ ಕೋಣಗಳಿಗೆ ಕೂಡ ದತ್ತಿ ಬಿಟ್ಟಿದ್ದಾರೆ. ಸ್ವಲ್ಪ ಯೋಚಿಸಿ ನೋಡಿ. ಕೆರೆ ಕಟ್ಟುವ ದಿನವೇ, ಅದರಲ್ಲಿ ವರ್ಷವರ್ಷವೂ ಹೂಳು ತುಂಬುತ್ತದೆ, ಅದನ್ನು ತೆಗೆಯುವ ಕೋಣಕ್ಕೆ ಮೇವು ಬೇಕು ಎಂಬುದನ್ನು ಲೆಕ್ಕಹಾಕಿ, ಆ ಮೇವಿನ ಖರ್ಚನ್ನು ಕೆರೆಯ ನೀರಿನಿಂದಲೇ ಬೆಳೆದ ಫಸಲಿಗೆ ಗಂಟುಹಾಕಿದ್ದರು. ಇವತ್ತಿನ ಹಣಕಾಸು ಪಂಡಿತರು ಹೊಂದಾಣಿಕೆಯ ಬಂಡವಾಳವೆಂದು ಯಾವುದನ್ನು ಕರೆಯುತ್ತಾರೋ, ಅದರ ಒಂದು ಮಾದರಿ ನಮ್ಮ ಊರ ಕಲ್ಲುಗಳ ಮೇಲಿದೆ.

ಹಾಗೆಂದು ಆ ಕಾಲವನ್ನು ಹಾಡಿ ಹೊಗಳುವುದು ನನ್ನಿಂದ ಆಗದು. ತೂಬು ತೆಗೆದು, ಕಾಲುವೆಯ ಗುಂಟ ನಡೆದು, ಪ್ರತಿ ಗದ್ದೆಗೂ ಅಳೆದು ನೀರು ಬಿಡುತ್ತಿದ್ದ ನೀರುಗಂಟಿಗಳು ಹೆಚ್ಚಿನ ಊರುಗಳಲ್ಲಿ ದಲಿತ ಸಮುದಾಯದವರು. ನೀರನ್ನು ಹಂಚುವ ಕೆಲಸ ಅವರದ್ದು, ನೀರುಣ್ಣುವ ಗದ್ದೆಗಳು ಬಹುಪಾಲು ಬೇರೆಯವರವು. ಸುಗ್ಗಿಯಲ್ಲಿ ಕಣದಲ್ಲಿ ಸಿಕ್ಕಷ್ಟು ಧಾನ್ಯವೇ ಅವರ ಕೂಲಿ. ಇಂದು ಆ ಏರ್ಪಾಡನ್ನು ಮತ್ತೆ ಕಟ್ಟುವುದಾದರೆ, ಅದರ ಲೆಕ್ಕಜಾಣ್ಮೆಯನ್ನು ಉಳಿಸಿಕೊಂಡು ಅನ್ಯಾಯವನ್ನು ಬಿಡಬೇಕು. ನೀರುಗಂಟಿಗೆ ಸಂಬಳ ಬೇಕು, ಸಭೆಯಲ್ಲಿ ಮಾತೂ ಬೇಕು.

ನೀತಿಯ ಮಟ್ಟದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲೇ, ವಿಪತ್ತು ಬರುವ ಮುನ್ನ ಅದರ ಹೊಡೆತ ತಗ್ಗಿಸುವ ಕೆಲಸಗಳಿಗಾಗಿ ಪ್ರತ್ಯೇಕ ಉಪಶಮನ ನಿಧಿ ಇರಬೇಕೆಂದು ಬರೆದಿತ್ತು. ಅದಕ್ಕೆ ನಿಜವಾಗಿ ಹಣ ಒದಗಿದ್ದು 15ನೇ ಹಣಕಾಸು ಆಯೋಗದ ಶಿಫಾರಸಿನಂತೆ, 2021ರಿಂದ. ಆ ಆಯೋಗವು 2021–26ರ ಅವಧಿಗೆ ಎಲ್ಲ ರಾಜ್ಯಗಳಿಗೆ ಸೇರಿ 1,60,153 ಕೋಟಿ ರೂಪಾಯಿಗಳ ವಿಪತ್ತು ನಿಧಿಯನ್ನು ಗೊತ್ತುಮಾಡಿ, ಅದರಲ್ಲಿ ಶೇ 80ರಷ್ಟನ್ನು ಪರಿಹಾರ, ಪುನರ್ನಿರ್ಮಾಣ ಮತ್ತು ಸಿದ್ಧತೆಗೂ, ಶೇ 20ರಷ್ಟನ್ನು ಉಪಶಮನಕ್ಕೂ ಮೀಸಲಿಟ್ಟಿತು. ಐದರಲ್ಲಿ ಒಂದು ಪಾಲು. ಹದಿನಾರು ವರ್ಷ ಕಾಗದದಲ್ಲೇ ಇದ್ದ ಮಾತಿಗೆ ಹಣದ ಬಲ ಬಂದದ್ದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಈ ಹಣ ತಡೆಗೋಡೆ, ಕಾಲುವೆ, ಕಟ್ಟಡಗಳ ಹೊಸ ಕಾಮಗಾರಿಗಳಲ್ಲೇ ಕರಗಿಹೋದರೆ, ಇರುವುದನ್ನು ಕಾಪಾಡುವ ಕೆಲಸ ಮತ್ತೆ ಯಾವ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ.

ಕಾಪಾಡುವ ಕೆಲಸ ಎಷ್ಟು ದೊಡ್ಡದು ಎಂಬುದನ್ನು 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟು ತೋರಿಸಿತು. ಬರದ ವರ್ಷ ಕಳೆದು ಜಲಾಶಯ ತುಂಬಿ ನಿಂತ ಹೊತ್ತಿನಲ್ಲಿ, 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ವಾರ ಹಗಲಿರುಳು ದುಡಿದು, ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ಬಾಯಿ ಮುಚ್ಚಿದ ಎಂಜಿನಿಯರುಗಳ ಮತ್ತು ಕಾರ್ಮಿಕರ ಸಾಹಸವನ್ನು ನಾಡೆಲ್ಲ ಕೊಂಡಾಡಿತು, ಅದು ತಕ್ಕದ್ದೇ. ಆದರೆ ಅಷ್ಟರೊಳಗೆ ಕೊಪ್ಪಳ, ರಾಯಚೂರು, ಬಳ್ಳಾರಿಯ ಗದ್ದೆಗಳಿಗೆ ಸಲ್ಲಬೇಕಾದ ಅಪಾರ ನೀರು ಹೊಳೆಯ ಪಾಲಾಗಿತ್ತು. ಹಿಂದಿನ ವರ್ಷ ಮಳೆಯಿಲ್ಲದೆ ಬೆಳೆ ಕಳೆದುಕೊಂಡ ಅದೇ ರೈತ, ಆ ವರ್ಷ ತುಂಬಿದ ಅಣೆಕಟ್ಟನ್ನು ಕಣ್ಣೆದುರು ಇಟ್ಟುಕೊಂಡು ನೀರಿಗಾಗಿ ಆತಂಕಪಟ್ಟ. ಮಳೆಯ ಏರಿಳಿತ ಹೆಚ್ಚಿದಷ್ಟೂ ಹಳೆಯ ಸರಪಳಿಗಳ ಮೇಲೆ ಬೀಳುವ ಭಾರವೂ ಹೆಚ್ಚುತ್ತದೆ.

ವಿಮೆಯ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. 1988ರಲ್ಲಿ ಬರ ನಿರ್ವಹಣೆಗೆಂದೇ ಒಂದು ಘಟಕವನ್ನು ತೆರೆದ ನಮ್ಮ ರಾಜ್ಯ, ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮೂಲಕ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಅಂಥ ಮಳೆಮಾಪಕವನ್ನು ನೀವೂ ನೋಡಿರಬಹುದು: ಒಂದು ಕೊಳವೆಯ ಬಾಯಿ, ಅದರೊಳಗೆ ಹನಿ ತುಂಬಿದಂತೆ ಅತ್ತಿತ್ತ ವಾಲುವ ಪುಟ್ಟ ತೊಟ್ಟಿಲಿನಂಥ ಬಟ್ಟಲು, ಪಕ್ಕದಲ್ಲಿ ಬಿಸಿಲಿನಿಂದ ವಿದ್ಯುತ್ ಮಾಡುವ ಅಂಗೈ ಅಗಲದ ಫಲಕ. ಅದು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಸುದ್ದಿ ಕಳಿಸುತ್ತದೆ. ಮಳೆ, ಹವಾಮಾನದ ಮಾಹಿತಿ ಕೊಡುವ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿದ ರೈತನಿಗೆ ಉತ್ತರ ಸಿಗುವುದರ ಹಿಂದೆ ಈ ಬಟ್ಟಲಿನ ದುಡಿಮೆಯಿದೆ. ಮಲೆನಾಡು, ಕರಾವಳಿಯ ಅಡಿಕೆ ಮತ್ತು ಕಾಳುಮೆಣಸಿನ ಬೆಳೆಗಾರರ ಹವಾಮಾನ ಆಧಾರಿತ ವಿಮೆಯ ಹಣ ತೀರ್ಮಾನವಾಗುವುದೂ ಇದರ ಲೆಕ್ಕದ ಮೇಲೆಯೇ. ಕೊಳವೆಗೆ ಎಲೆ ಬಿದ್ದು ಕಟ್ಟಿಕೊಂಡರೆ, ಬ್ಯಾಟರಿ ಸತ್ತರೆ, ಕೊಳೆರೋಗ ತಂದ ಆಷಾಢದ ಜಡಿಮಳೆ ಲೆಕ್ಕದಲ್ಲಿ ಬಾರದೇ ಹೋಗುತ್ತದೆ. ಪ್ರೀಮಿಯಂ ಕಟ್ಟಿ ರಸೀದಿ ಇಟ್ಟುಕೊಂಡವನಿಗೆ, ನಿನ್ನ ಪಂಚಾಯಿತಿಯ ಮಾಹಿತಿ ಇಲ್ಲ ಎಂಬ ಉತ್ತರ ಸಿಕ್ಕರೆ ಅವನು ಮುಂದಿನ ವರ್ಷ ವಿಮೆಯನ್ನು ನಂಬುವುದು ಹೇಗೆ? ಮಾಪಕವನ್ನು ತಿಂಗಳಿಗೊಮ್ಮೆ ಒರೆಸಿ ನೋಡುವ ಒಬ್ಬ ಮನುಷ್ಯನ ಕೂಲಿಯನ್ನು ವಿಮೆಯ ಯೋಜನೆಯೊಳಗೇ ಸೇರಿಸಬೇಕು.

ಸಹಕಾರದ ಮಾತಿಗೆ ಬರುತ್ತೇನೆ. ನಗರ ಮತ್ತು ಹಳ್ಳಿಗಳ ನಡುವಿನ ಸಹಕಾರಕ್ಕೆ ಕೋಲಾರದಲ್ಲೇ ಒಂದು ಉದಾಹರಣೆಯಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆ ಸೇರಿ, ಅಲ್ಲಿಂದ ಕೋಡಿ ಬಿದ್ದು ಕೆರೆಯಿಂದ ಕೆರೆಗೆ ಹರಿಯಿತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಯೋಜನೆ ಅದು. ವರ್ಷಗಟ್ಟಲೆ ಒಣಗಿದ್ದ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದದ್ದನ್ನು ಅಲ್ಲಿನ ರೈತರು ಕಂಡಿದ್ದಾರೆ. ಎರಡನೇ ಹಂತದ ಸಂಸ್ಕರಣೆಯಷ್ಟೇ ಆದ ನೀರು ಅಂತರ್ಜಲಕ್ಕೆ ಇಳಿಯುವುದರ ಬಗ್ಗೆ ಅದೇ ಜಿಲ್ಲೆಯ ಹೋರಾಟಗಾರರು ಎತ್ತಿದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎರಡೂ ನಿಜ. ನೀರನ್ನು ಇನ್ನಷ್ಟು ಶುದ್ಧಗೊಳಿಸುವ ಮೂರನೇ ಹಂತದ ಸಂಸ್ಕರಣೆಗೆ ಬೇಕಾದ ವೆಚ್ಚವನ್ನು, ಆ ನೀರನ್ನು ಒಮ್ಮೆ ಬಳಸಿದ ನಗರವೇ ಭರಿಸುವುದು ನ್ಯಾಯವೆಂದು ನನಗೆ ತೋರುತ್ತದೆ. ಕೊಡುವವರ ಅನುಕೂಲಕ್ಕೆ ಮಾತ್ರ ಹೊಂದುವಂತಿದ್ದರೆ ಅದನ್ನು ಸಹಕಾರವೆನ್ನಲಾಗದು.

ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆ 2001ರಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಆರಂಭವಾಯಿತು, ಮರುವರ್ಷ ಕೆರೆಗಳಿಗಾಗಿ ಜಲ ಸಂವರ್ಧನೆ ಯೋಜನೆ ಬಂತು. ಸರ್ಕಾರ, ಸ್ವಯಂಸೇವಾ ಸಂಸ್ಥೆ, ಊರಿನವರು ಒಟ್ಟಿಗೆ ಕುಳಿತು ನಕ್ಷೆ ಬರೆದದ್ದು, ಕೆರೆ ಬಳಕೆದಾರರ ಸಂಘ ಕಟ್ಟಿದ್ದು ಈ ಯೋಜನೆಗಳ ದೊಡ್ಡ ಕಾಣಿಕೆ. ಯೋಜನೆಯ ಅವಧಿ ಮುಗಿದ ಮೇಲೆ ನಾನು ಕಂಡ ಹಲವು ಊರುಗಳಲ್ಲಿ ಸಂಘದ ಫಲಕ ಉಳಿದಿತ್ತು, ಸಭೆಗಳು ನಿಂತಿದ್ದವು. ಕಾರಣ ಕೇಳಿದರೆ ಎಲ್ಲೆಡೆ ಒಂದೇ ಉತ್ತರ: ಸಂಘಕ್ಕೆ ತನ್ನದೆಂಬ ಆದಾಯವಿಲ್ಲ.

ಅಂತರರಾಷ್ಟ್ರೀಯ ಮಟ್ಟದ ಲೆಕ್ಕವನ್ನು ಚಿಕ್ಕದಾಗಿ ಹೇಳುತ್ತೇನೆ. 2024ರಲ್ಲಿ ಬಾಕುವಿನಲ್ಲಿ ಸೇರಿದ ಹವಾಮಾನ ಸಮ್ಮೇಳನವು 2035ರ ವೇಳೆಗೆ ಅಭಿವೃದ್ಧಿಶೀಲ ದೇಶಗಳಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಒದಗಿಸುವ ಗುರಿ ಇಟ್ಟಿತು, ಭಾರತ ಅದು ಸಾಲದೆಂದು ಅಲ್ಲೇ ಹೇಳಿತು. ಹೊಂದಾಣಿಕೆಯ ಕೆಲಸಗಳಿಗೆಂದೇ 2022ರಲ್ಲಿ ಬಂದ ಸಾರ್ವಜನಿಕ ಹಣ ಸುಮಾರು 2,800 ಕೋಟಿ ಡಾಲರ್ ಮಾತ್ರ, ಕೊರತೆ ಅದರ ಎಷ್ಟೋ ಪಟ್ಟು ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ಇಂಥ ಜಾಗತಿಕ ನಿಧಿಗಳು ಭಾರತಕ್ಕೆ ಬರುವ ಒಂದು ದಾರಿ ನಬಾರ್ಡ್, ಅಂದರೆ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್. 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿದ ಸಂಸ್ಥೆಯೂ ಅದೇ. ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ಹೆಣ್ಣುಮಕ್ಕಳ ಸಣ್ಣ ಉಳಿತಾಯ ಗುಂಪುಗಳು ಪ್ರೇರಣೆಯಾಗಿದ್ದವು. ಗಿರವಿಗೆ ಏನೂ ಇಲ್ಲದವರ ಕೈಗೆ ಸಾಲ ತಲುಪಿಸುವ ದಾರಿಯನ್ನು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಆಗಲೇ ತೋರಿಸಿಕೊಟ್ಟಿರುವಾಗ, ಕೆರೆಯ ಪಾಲನೆಗೆ ಹಣ ತಲುಪಿಸುವ ದಾರಿ ಇಲ್ಲವೆಂದು ಹೇಳುವುದು ಸರಿಯಲ್ಲ.

ನನ್ನ ಬೇಡಿಕೆ ಇಷ್ಟು. ಕೆರೆಯ ಮೀನು ಹಿಡಿಯುವ ಹಕ್ಕಿನ ಹರಾಜು, ಏರಿಯ ಮತ್ತು ಅಂಗಳದ ಮರಗಳ ಫಸಲು, ಇವುಗಳಿಂದ ಬರುವ ಹಣದಲ್ಲಿ ಒಂದು ಪಾಲು ಆ ಕೆರೆಯ ಖಾತೆಯಲ್ಲೇ ಉಳಿಯಬೇಕು, ಉಪಶಮನ ನಿಧಿಯಿಂದ ಅದಕ್ಕೆ ಸಮನಾದ ಮೊತ್ತ ಸೇರಬೇಕು, ಖಾತೆಯನ್ನು ಪಂಚಾಯಿತಿ ಮತ್ತು ಕೆರೆ ಸಂಘ ಜೊತೆಯಾಗಿ ನಡೆಸಬೇಕು. ಬಿತ್ತುವಟ್ಟವನ್ನು ಇಂದಿನ ಕಾನೂನಿನ ಭಾಷೆಯಲ್ಲಿ ಬರೆದರೆ ಹೀಗಿರುತ್ತದೆ. ಗ್ರಾಮ ಪಂಚಾಯಿತಿಗಳ ಮುಂದಿನ ವರ್ಷದ ಯೋಜನೆ ಗ್ರಾಮಸಭೆಗಳಲ್ಲಿ ರೂಪುಗೊಳ್ಳುತ್ತದೆ. ಆ ಸಭೆಗೆ ಹೋದಾಗ, ನಮ್ಮೂರ ಕೆರೆಯ ತೂಬಿನ ದುರಸ್ತಿ, ನೀರುಗಂಟಿಯ ಸಂಬಳ ಎಂಬ ಎರಡು ಸಾಲುಗಳನ್ನು ನಡಾವಳಿಯಲ್ಲಿ ಬರೆಸಿ.

ಮೊದಲು ಹೇಳಿದ ಆ ಹಳ್ಳಿಯಲ್ಲಿ ಈ ಎರಡು ಸಾಲು ಬರೆಸಲು ಮೂರು ಸಭೆಗಳು ಬೇಕಾದವು. ಹೋದ ಫಾಲ್ಗುಣದಲ್ಲಿ ಮತ್ತೆ ಅಲ್ಲಿಗೆ ಹೋಗಿದ್ದೆ. ಕಲ್ಲುಕಂಬಗಳ ನಡುವೆ ಹೊಸ ತಿರುಪು ಕೂತಿತ್ತು. ಅದೇ ಹಿರಿಯರು ಅದಕ್ಕೆ ಗ್ರೀಸು ಹಚ್ಚಿ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ತಿರುಗಿಸಿ ನೋಡುತ್ತಿದ್ದರು. ಕೆರೆಯ ಅಂಗಳದಲ್ಲಿ ಮೊಣಕಾಲುದ್ದ ನೀರು ಇನ್ನೂ ನಿಂತಿತ್ತು. ದನಗಳು ಅದರೊಳಗೆ ಇಳಿದಿದ್ದವು.

ನಮಸ್ಕಾರ.